ಞ ಬರೆದ ಶನಿವಾರ

ಬಸ್ಸು ತಳಿ ರಸ್ತೆಗೆ ತಿರುಗುವಾಗ ಟೀ ಶರ್ಟು ಹಂಚಿದರು.
ಎಲ್ಲರಿಗೂ ಒಂದೇ ಅಳತೆ, ನನಗೆ ಮೊಣಕಾಲಿನವರೆಗೆ.
ಬೆನ್ನ ಮೇಲೆ ಕಂಪನಿಯ ಹೆಸರು, ಎದೆಯ ಮೇಲೊಂದು ಎಲೆ.
ಇವತ್ತು ಫ್ಯೂಸ್ ಪೆಟ್ಟಿಗೆಗಳಿಲ್ಲ, ಬೆಲ್ಟಿಲ್ಲ,
ಗಂಟೆಗೆ ಇನ್ನೂರ ಹತ್ತೆಂಬ ಲೆಕ್ಕವಿಲ್ಲ;
ಇವತ್ತು ನಾವು ಸೇವೆ.
ಸಹಿ ಹಾಕಿದವರಿಗೆ ಅರ್ಧ ದಿನದ ರಜೆ ವಾಪಸು ಸಿಗುತ್ತದಂತೆ,
ಹಾಗಂತ ಮಲ್ಲಿಗಾ ಹೇಳಿ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದಳು.

ಸೀಗೆದೊಡ್ಡಿ ಶಾಲೆ.
ನಾನು ಓದಿದ್ದಲ್ಲ, ಆದರೆ ಇಂಥದ್ದೇ:
ಹೊರಗೆ ಬೋರ್ಡು ತಮಿಳು, ಒಳಗೆ ಪಾಠ ಕನ್ನಡ,
ಅಂಗಳದಲ್ಲಿ ಜಗಳ ತೆಲುಗು.
ಕಾಂಪೌಂಡಿನ ನಡುವೆ ಆನೆ ಹೋದ ಕಂಡಿ.
ಮೂರು ವರ್ಷದ ಹಿಂದೆ ಜವಳಗಿರಿ ಕಾಡಿಂದ ಬಂದದ್ದು
ಯಾರದೋ ರಾಗಿ ತಿಂದು, ಗೋಡೆ ಸುತ್ತಿ ಹೋಗಲು ಬೇಜಾರಾಗಿ
ನೇರ ಹೋಯಿತು.
ಗೇಟು ತೆರೆದಿದ್ದರೂ ಮಕ್ಕಳು ಅದರಲ್ಲೇ ಬರುತ್ತವೆ.
ಇಳಂಗೋವನ್ ಸಾರ್ ಟೇಪು ಹಿಡಿದು ಅಳೆದರು:
ಪೇಂಟು ಇರುವ ಗೋಡೆಗೆ ಮಾತ್ರ.
ಇಲ್ಲದ ಗೋಡೆಗೆ ಈ ವರ್ಷ ದುಡ್ಡಿಲ್ಲ.

ಹತ್ತಕ್ಕೆ ರೋಲರು ಓಡಿತು.
ಗೋಡೆ ತುಂಬ ಮಾಸಿದ ಅಕ್ಷರಮಾಲೆಯಿತ್ತು,
ಚೌಡರೆಡ್ಡಿ ಮೇಷ್ಟ್ರು ಏಣಿ ಹತ್ತಿ ತಾವೇ ಬರೆದದ್ದು.
ನಮ್ಮವರಿಗೆ ಓದಲು ಬಾರದು, ಕಲೆ ಅಂದುಕೊಂಡರು.
ಮೇಷ್ಟ್ರು ನಮಗೇ ಟೀ ತರಲು ಹೋಗಿದ್ದರು.
ಬಂದವರು ಲೋಟಗಳ ತಟ್ಟೆ ಹಿಡಿದು
ಬಿಳೀ ಗೋಡೆ ನೋಡುತ್ತ ನಿಂತೇ ಇದ್ದರು.
ದಾನ ಬಂದ ಎಮ್ಮೆಯ ಹಲ್ಲು ಎಣಿಸಬಾರದು, ನಿಜ.
ಎಮ್ಮೆ ಅಕ್ಷರವನ್ನೇ ಮೇದರೆ?
"ತಕೊಳ್ಳಿ, ಆರಿಹೋಗ್ತದೆ" ಅಂದರು, ಅಷ್ಟೇ.

ಕನ್ನಡ ಬರುವವರು ಯಾರಾದರೂ ಇದ್ದೀರಾ?
ಮೂವತ್ತೆಂಟು ಎಲೆಗಳ ನಡುವೆ ನನ್ನದೊಂದೇ ಕೈ.
ಹನ್ನೆರಡು ವರ್ಷದಿಂದ ಈ ಕೈಗೆ ಒಂದೇ ಕೆಲಸ:
ಬೆಳಕಿಗೆ ಹಿಡಿ, ಬಿರುಕು ನೋಡು,
ಸರಿಯಿದ್ದರೆ ಬಲಕ್ಕೆ, ಇಲ್ಲದಿದ್ದರೆ ಎಡಕ್ಕೆ.
ನೀಲಿ ಡಬ್ಬ ಕೊಟ್ಟರು. ಕಂಪನಿಯ ನೀಲಿ, ಬೇರೆ ಬಣ್ಣವಿರಲಿಲ್ಲ.

ಅ ಬಂತು. ಆ, ಇ, ಈ ಬಂದವು
ಕೊಟ್ಟಿಗೆ ಗೊತ್ತಿದ್ದ ದನಗಳ ಹಾಗೆ.
ಙ ದಲ್ಲಿ ಬ್ರಷ್ಷು ತಡವರಿಸಿತು, ಹೇಗೋ ದಾಟಿದೆ.
ಚ ಛ ಜ ಝ
ಆಮೇಲೆ ಏನಿತ್ತು? ಕಾಲು ಮಡಿಸಿ ಕೂತದ್ದು ಒಂದು...
ಯಾವತ್ತು ಬೇಕಾಗಿತ್ತು ಅದು ನನಗೆ?
ಸಂಬಳದ ಚೀಟಿಯಲ್ಲಿಲ್ಲ, ಬಸ್ಸಿನ ಬೋರ್ಡಿನಲ್ಲಿಲ್ಲ.
ಫೋನಿನಲ್ಲಿ ನನ್ನ ಹೆಸರನ್ನೇ ನಾನು ಬೇರೆ ಲಿಪಿಯಲ್ಲಿ ಒತ್ತುತ್ತೇನೆ.
ಧೈರ್ಯ ಮಾಡಿ ಬರೆದೆ.

"ಅಕ್ಕಾ, ಅದು ಞ ಅಲ್ಲ ಕಣಕ್ಕ."
ಕಂಡಿಯಲ್ಲಿ ಕೂತ ಹುಡುಗಿ,
ಕೈಯಲ್ಲಿ ನಾವು ಹಂಚಿದ ಬಿಸ್ಕತ್ತು.
"ಮತ್ತೇನು?"
"ಏನೂ ಅಲ್ಲ. ಅಂಥಾ ಅಕ್ಷರಾನೇ ಇಲ್ಲ."
ಬೆರಳನ್ನು ಲಂಗಕ್ಕೆ ಒರೆಸಿ ಮಣ್ಣಲ್ಲಿ ತೋರಿಸಿದಳು:
ಇಲ್ಲಿಂದ ಇಳಿ, ಇಲ್ಲಿ ಸುತ್ತು, ಇಲ್ಲಿ ನಿಲ್ಲು.
ನಾನು ಬರೆದದ್ದನ್ನು ಬೆಳಕಿಗೆ ಹಿಡಿದು
ಎಡಕ್ಕೆ ಸರಿಸಿಬಿಟ್ಟಳು.
ಹೆಸರು ಗಂಗರತ್ನ. ಮೂರನೇ ಕ್ಲಾಸು.

ಎರಡು ಗಂಟೆಗೆ ಫೋಟೊ. ಬಾಗಿಲಗಲದ ರಟ್ಟಿನ ಚೆಕ್ಕು,
ಒಂದು ತುದಿ ಸಾರ್, ಇನ್ನೊಂದು ತುದಿ ಮೇಷ್ಟ್ರು.
ನಮ್ಮನ್ನೆಲ್ಲ ಕಂಡಿಯ ಮುಂದೆ ಒತ್ತಿ ನಿಲ್ಲಿಸಿದರು, ಕಂಡಿ ಕಾಣದ ಹಾಗೆ.
ಸುಳ್ಳು ಹೇಳಬಾರದು: ಆ ದುಡ್ಡಲ್ಲಿ ಎರಡು ಕಕ್ಕಸು, ಒಂದು ನೀರಿನ ಟ್ಯಾಂಕು ಆಗುತ್ತದೆ,
ಗಂಗರತ್ನ ಪೊದೆ ಹುಡುಕಬೇಕಿಲ್ಲ.
ಅದರಲ್ಲಿ ನನ್ನ ಐವತ್ತು ರೂಪಾಯಿಯೂ ಇದೆ,
ಪ್ರತಿ ತಿಂಗಳು ಮುರಿದುಕೊಂಡದ್ದು, ಕೇಳದೆ.
ಎಲ್ಲಿಗೆ ಹೋಗುತ್ತದೆಂದು ಇವತ್ತು ನೋಡಿದೆ.

ಪ ಫ ಬ.
ಭ ದ ಹೊಟ್ಟೆ ಸೀಳುವ ಮುನ್ನ ಹಾರ್ನು.
ಉಳಿದದ್ದು ಮುಂದಿನ ವರ್ಷ, ಅಂದರು ಸಾರ್.

ಸ್ಟೋರಿಗೆ ವಾಪಸು ಕೊಡಬೇಕಾದ ಕಾಲು ಡಬ್ಬ ನೀಲಿ
ನನ್ನ ಊಟದ ಚೀಲದಲ್ಲಿದೆ, ಟೀ ಶರ್ಟಿನಲ್ಲಿ ಸುತ್ತಿಕೊಂಡು.
ಭಾನುವಾರ ಹತ್ತು ಇಪ್ಪತ್ತಕ್ಕೆ ಒಂದು ಬಸ್ಸಿದೆ.
ಗಂಗರತ್ನ ದಾರಿ ಬಿಟ್ಟರೆ
ಆನೆ ಹೋದಲ್ಲೇ ಒಳಗೆ ಹೋಗುತ್ತೇನೆ.